ಊರಿನ ಕಾಲುಸಂಕಕ್ಕೆ ನಾವೇ ದುಡ್ಡು ಒಟ್ಟು ಮಾಡುವುದು: ಖಾತೆ ಯಾರದ್ದು, ಲೆಕ್ಕ ಯಾರದ್ದು?

ಹಳ್ಳದಂಚು
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಮಜರೆ ಹಳ್ಳಿ. ಹಳ್ಳದ ಎರಡೂ ಬದಿ ಸೇರಿ ನಲವತ್ತರ ಹತ್ತಿರ ಮನೆ. ಶಾಲೆ, ಹಾಲಿನ ಡೈರಿ, ಬಸ್ ನಿಲ್ಲುವ ಜಾಗ ಎಲ್ಲ ಆಚೆ ಬದಿ. ಮಳೆಗಾಲದಲ್ಲಿ ಈಚೆಯವರಿಗೆ ಅಡಿಕೆ ಮರದ ಸಂಕವೇ (ಕಾಲುಸೇತುವೆ) ಗತಿ. ಪ್ರತಿ ವರ್ಷ ಮೇ ಕೊನೆಗೆ ಹೊಸ ಮರ ಹಾಕುತ್ತೇವೆ. ದೊಡ್ಡ ನೆರೆ ಬಂದರೆ ಹೋಗುತ್ತದೆ. ಮತ್ತೆ ಹಾಕುತ್ತೇವೆ. ಅರ್ಜಿ ಕೊಟ್ಟು ವರ್ಷಗಳಾದವು. ಫೈಲು ಎಲ್ಲಿದೆ ಅಂತ ಕೇಳಿದರೆ "ಮೇಲೆ ಹೋಗಿದೆ" ಅನ್ನುತ್ತಾರೆ.

ಈ ಸಲ ಊರಲ್ಲಿರುವವರು, ಬೆಂಗಳೂರಿಗೆ ಹೋದವರು ಸೇರಿ ನಾವೇ ಕಬ್ಬಿಣದ ಸಂಕ ಮಾಡಿಸೋಣ ಅಂತ ಮಾತಾಡಿದ್ದೇವೆ. ವೆಲ್ಡಿಂಗ್ ಅಂಗಡಿಯವರು ಕೊಟ್ಟ ಅಂದಾಜು ನಾಲ್ಕೂವರೆ ಲಕ್ಷ, ಕಲ್ಲಿನ ಕಟ್ಟೆ ಕೆಲಸ ಬಿಟ್ಟು. ದುಡ್ಡು ಹೇಗೋ ಹುಟ್ಟುತ್ತದೆ ಅನ್ನುವ ಧೈರ್ಯ ಇದೆ. ತಲೆಬಿಸಿ ಲೆಕ್ಕದ್ದು. ಯಾರ ಖಾತೆಗೆ ಹಾಕಿಸುವುದು? ಮನೆಗೆ ಇಷ್ಟು ಅಂತ ವಂತಿಗೆ ಹಾಕಬೇಕಾ, ಇಷ್ಟ ಬಂದಷ್ಟು ಕೊಡಿ ಅನ್ನಬೇಕಾ? ಇನ್ನೊಂದು ವಿಷಯ. ಊರು ಬಿಟ್ಟು ಹೋಗಿ ಚೆನ್ನಾಗಿ ದುಡಿದವರೊಬ್ಬರು "ಪೂರ್ತಿ ನಾನೇ ಕೊಡುತ್ತೇನೆ, ಅಪ್ಪನ ಹೆಸರಿಡಿ" ಅಂದಿದ್ದಾರೆ. ಒಪ್ಪಿಕೊಂಡುಬಿಡೋಣವಾ? ಇಂಥ ಕೆಲಸ ಮಾಡಿ ಅನುಭವ ಇರುವವರು ಹೇಳಿ.

ಬಸ್ಸಿಗೆ ಕಾಯುವವ
ಪೂರ್ತಿ ಕೊಡುವವರು ಸಿಕ್ಕಿದ್ದಾರೆ ಅಂದ ಮೇಲೆ ಚರ್ಚೆ ಯಾಕೆ ಮಾರಾಯ್ರೆ? ತಗೊಳ್ಳಿ. ಹೆಸರು ತಾನೇ, ಹಾಕಿ.

ಕೊನೆಗೌಡ
ನಾನು ಒಪ್ಪುವುದಿಲ್ಲ. ನಮ್ಮ ಕಡೆ ಒಬ್ಬರು ಪೂರ್ತಿ ಖರ್ಚು ಹಾಕಿ ಬಸ್ ತಂಗುದಾಣ ಕಟ್ಟಿಸಿದರು. ಟೈಲ್ಸ್, ಗ್ರಾನೈಟ್ ಬೆಂಚು, ದೊಡ್ಡ ಬೋರ್ಡು, ಎಲ್ಲ ಅಚ್ಚುಕಟ್ಟು. ಎರಡನೇ ಮಳೆಗಾಲಕ್ಕೆ ಮಾಡಿನ ಶೀಟು ಹಾರಿತು. ಒಬ್ಬರೂ ಕೈ ಹಾಕಲಿಲ್ಲ. ಕೇಳಿದರೆ "ಅವರು ಕಟ್ಟಿಸಿದ್ದಲ್ವಾ, ಅವರಿಗೆ ಫೋನ್ ಮಾಡಿ" ಅನ್ನುತ್ತಿದ್ದರು. ಎರಡು ಶೀಟಿಗೆ ದುಬೈಗೆ ಫೋನು! ಅದೇ ಊರಿನವರು ತಾವೇ ವಂತಿಗೆ ಎತ್ತಿ ಮಾಡಿದ ಸ್ಮಶಾನದ ದಾರಿಯನ್ನು ವರ್ಷ ವರ್ಷ ಸವರಿ ಇಡುತ್ತಾರೆ.

ನೂರು ರೂಪಾಯಿ ಆದರೂ ಸರಿ, ಪ್ರತಿ ಮನೆಯದ್ದೂ ಬೀಳಬೇಕು. ದೊಡ್ಡವರ ದುಡ್ಡು ಬೇಡ ಅನ್ನುತ್ತಿಲ್ಲ. ಅದು ಕೊನೆಗೆ ಬರಲಿ, ಕಡಿಮೆ ಬಿದ್ದದ್ದಕ್ಕೆ.

ಲೆಕ್ಕದ ಮೇಷ್ಟ್ರು
ಮೊದಲು ಖಾತೆ ವಿಷಯ. ಯಾವ ಕಾರಣಕ್ಕೂ ಒಬ್ಬರ ಸ್ವಂತ ಉಳಿತಾಯ ಖಾತೆಗೆ ತರಿಸಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿ ಬಂದರೆ ತೆರಿಗೆಯವರ ಕಣ್ಣಲ್ಲಿ ಅದು ಆ ವ್ಯಕ್ತಿಯ ಆದಾಯ. ದಾಟಿದ ಭಾಗ ಮಾತ್ರ ಅಲ್ಲ, ಪೂರ್ತಿ ಮೊತ್ತ. ನಾಲ್ಕೂವರೆ ಲಕ್ಷ ಬಂದು ಹೋದ ಮೇಲೆ ನೋಟಿಸ್ ಬಂದರೆ ಆ ಹುಡುಗ ಊರ ಕೆಲಸ ಅನ್ನುವ ಮಾತನ್ನೇ ಬಿಡುತ್ತಾನೆ. ಫೋನ್‌ಪೇ ಕ್ಯೂಆರ್ ಕೋಡ್ ಯಾರದ್ದು ಹಾಕುತ್ತೀರಿ ಅನ್ನುವುದಕ್ಕೂ ಇದೇ ಮಾತು.

ಸಂಘ ನೋಂದಣಿ ಮಾಡುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಲ್ಲಿ ಏಳು ಜನ ಸಾಕು. ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಇಬ್ಬರ ಸಹಿ ಇಲ್ಲದೆ ದುಡ್ಡು ಹೊರಗೆ ಹೋಗಬಾರದು. ಸಹಿ ಹಾಕುವ ಇಬ್ಬರು ಒಂದೇ ಮನೆಯವರಾಗಬಾರದು. ನಗಬೇಡಿ, ನೋಡಿದ್ದೇನೆ.

ತೆರಿಗೆ ರಿಯಾಯಿತಿ ಸಿಗುತ್ತಾ ಅಂತ ಬೆಂಗಳೂರಿನವರು ಕೇಳಿಯೇ ಕೇಳುತ್ತಾರೆ. ಸಂಘಕ್ಕೆ ತೆರಿಗೆ ಇಲಾಖೆಯ ದೇಣಿಗೆ ಮಾನ್ಯತೆ (80ಜಿ ಅನ್ನುವುದು) ಇದ್ದರೆ ಮಾತ್ರ. ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಸಿಗುವುದೇ ಇಲ್ಲ. ಒಂದು ಸಂಕಕ್ಕೋಸ್ಕರ ಆ ಗೋಜಿಗೆ ಹೋಗಬೇಡಿ.

ತುಂಗೆ ದಂಡೆ
ಸಂಕಕ್ಕೆ ಸಂಘ, ಸಂಘಕ್ಕೆ ಬೈಲಾ, ಬೈಲಾಕ್ಕೆ ವಕೀಲರು, ವಕೀಲರಿಗೆ ವಂತಿಗೆ. ಮೇಷ್ಟ್ರೇ, ಅಷ್ಟರಲ್ಲಿ ಮುಂದಿನ ಮಳೆಗಾಲ ಬಂತು 😀

ಲೆಕ್ಕದ ಮೇಷ್ಟ್ರು
ಹೊಸದು ಮಾಡಿ ಅಂದೆನಾ? ಊರಲ್ಲಿ ಯುವಕ ಸಂಘ ಇರುತ್ತದೆ, ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ ಇರುತ್ತದೆ. ಗಣಪತಿ ಇಡುವಾಗ ಬಿಟ್ಟರೆ ಬೇರೆ ದಿನ ಎದ್ದಿರುವುದಿಲ್ಲ ಅಷ್ಟೆ. ನೋಂದಣಿ ನವೀಕರಣ ಆಗಿದೆಯಾ ನೋಡಿ, ಆಗಿದ್ದರೆ ಅದೇ ಸಾಕು.

ಬೆಂಗಳೂರು ಬ್ಲೂಸ್
ನಮ್ಮ ಮನೆಯೂ ರಿಪ್ಪನ್‌ಪೇಟೆ ಹತ್ತಿರವೇ. ಇಷ್ಟೆಲ್ಲ ಯಾಕೆ? ಜನರಿಂದ ಆನ್ಲೈನಲ್ಲಿ ದುಡ್ಡು ಎತ್ತುವ ಮಿಲಾಪ್, ಕೆಟ್ಟೊ ತರಹದ ತಾಣ ಇವೆ. ಮಕ್ಕಳು ಯೂನಿಫಾರ್ಮ್ ಹಾಕಿಕೊಂಡು ಮರದ ಮೇಲೆ ಹಳ್ಳ ದಾಟುವ ವಿಡಿಯೊ ಒಂದು ಹಾಕಿ. ಮಳೆ ಜೋರಿರುವಾಗ ತೆಗೆಯಿರಿ. ವಾರದಲ್ಲಿ ದುಡ್ಡು ಬರುತ್ತದೆ.

ಅಪ್ಪೆಮಿಡಿ
ನಿಮ್ಮ ಮಗುವಿನ ವಿಡಿಯೊ ಹಾಕುತ್ತೀರಾ ತಮ್ಮ? ವಿಡಿಯೊಗೋಸ್ಕರ ಜೋರು ಮಳೆಯಲ್ಲಿ ಮಕ್ಕಳನ್ನು ಇನ್ನೊಂದು ಸಲ ದಾಟಿಸುವುದಾ? ಆಮೇಲೆ ಆ ಹುಡುಗಿ ಸಾಗರದ ಕಾಲೇಜಿಗೆ ಹೋದಾಗ "ನೀನು ಆ ಸಂಕದ ವಿಡಿಯೊದವಳಲ್ವಾ" ಅಂತ ಕೇಳಿಸಿಕೊಳ್ಳಬೇಕು. ಸಂಕದ ಫೋಟೊ ಸಾಕು. ಮಕ್ಕಳ ಮುಖ ಬೇಡ.

ಬೆಂಗಳೂರು ಬ್ಲೂಸ್
ಅಕ್ಕ, ನಾನು ಹೇಳಿದ್ದು ಒಳ್ಳೆಯದಕ್ಕೇ. ಜನ ಮನಸ್ಸು ಕರಗದೆ ದುಡ್ಡು ಕೊಡುವುದಿಲ್ಲ.

ಸೊಪ್ಪಿನಬೆಟ್ಟ
ಅಪರಿಚಿತರು ಮನಸ್ಸು ಕರಗಿ ಕೊಡುತ್ತಾರೆ, ಸರಿ. ಆಸ್ಪತ್ರೆ ಖರ್ಚಿಗೆ ಅದು ಬೇಕಾಗುತ್ತದೆ. ಅಲ್ಲಿ ಕಾಯಲು ದಿನ ಇಲ್ಲ, ಆಯ್ಕೆ ಇಲ್ಲ. ಸಂಕದ ವಿಷಯ ಬೇರೆ. ಪುಣೆಯಲ್ಲಿ ಕೂತು ಐನೂರು ಕೊಟ್ಟವರು ಸಂಕ ತುಕ್ಕು ಹಿಡಿದಿದೆಯಾ ಅಂತ ನೋಡಲು ಬರುವುದಿಲ್ಲ. ಕೊಟ್ಟವರೂ ನಡೆಯುವವರೂ ಒಬ್ಬರೇ ಆಗಿದ್ದರೆ ಕಾವಲು ತಾನಾಗಿ ಇರುತ್ತದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕೆಲಸವೆಲ್ಲ ಇದರ ಮೇಲೆಯೇ. ಊರೊಟ್ಟಿನ ಕಾಡು, ಕಾಲುವೆ, ಮೀನಿನ ಜಾಗ ಇವನ್ನು ಬಳಸುವ ಜನರೇ ನಿಯಮ ಮಾಡಿಕೊಂಡು, ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟು ಎಷ್ಟೋ ಕಡೆ ಚೆನ್ನಾಗಿ ಉಳಿಸಿಕೊಂಡಿದ್ದಾರೆ ಅಂತ ತೋರಿಸಿದರು. ನಮ್ಮ ಹಳೆ ಕೆರೆ, ಕಾಲುವೆ ನಡೆದದ್ದೂ ಹಾಗೆಯೇ ಅಲ್ವಾ.

ಬಸ್ಸಿಗೆ ಕಾಯುವವ
ಸೊಪ್ಪಿನಬೆಟ್ಟ ಅವರಿಗೆ ಒಂದು ಅವಕಾಶ ಸಿಕ್ಕರೆ ನೊಬೆಲ್‌ಗೆ ಹೋಗಿಬಿಡುತ್ತಾರೆ.

ಅಪ್ಪೆಮಿಡಿ
ನಮ್ಮ ಸ್ತ್ರೀಶಕ್ತಿ ಸಂಘದ ಕಥೆ ಹೇಳುತ್ತೇನೆ, ಉಪಯೋಗ ಆದೀತು. ಅಡಿಕೆ ಸುಲಿಯುವ ಯಂತ್ರ ಒಬ್ಬೊಬ್ಬರು ಕೊಳ್ಳುವ ಹಾಗಿರಲಿಲ್ಲ. ಸುಲಿಯುವವರು ಸಿಗುತ್ತಿರಲಿಲ್ಲ. ಹಾಗಾಗಿ ಸಂಘದವರೇ ಶೇರು ಹಾಕಿ ಯಂತ್ರ ತಂದೆವು. ಒಬ್ಬರಿಗೆ ಒಂದೇ ಶೇರು ಅಂತ ಮೊದಲೇ ಕಟ್ಟು ಮಾಡಿದೆವು. ಎರಡು ಎಕರೆಯವರೂ ಒಂದು, ಹತ್ತು ಎಕರೆಯವರೂ ಒಂದು. ಬಳಸಿದಷ್ಟು ಬಾಡಿಗೆ. ಶೇರು ಇಲ್ಲದವರಿಗೆ ಬಾಡಿಗೆ ಸ್ವಲ್ಪ ಜಾಸ್ತಿ.

ಜಗಳ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೊಯ್ಲಿನ ಸಮಯದಲ್ಲಿ ಯಾರ ಮನೆಗೆ ಮೊದಲು ಅಂತ ದೊಡ್ಡ ಜಗಳ. ಚೀಟಿ ಎತ್ತಿ ಸರದಿ ಮಾಡಿದೆವು, ಇವತ್ತಿಗೂ ಹಾಗೇ ನಡೆಯುತ್ತದೆ. ಲೆಕ್ಕ ಮಾತ್ರ ಯಾವತ್ತೂ ಜಗಳವಾಗಿಲ್ಲ. ಯಾಕೆಂದರೆ ವಾರದ ಸಭೆಯಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ. ಓದು ಬಾರದ ಇಬ್ಬರು ಅಜ್ಜಿಯಂದಿರು ಇದ್ದಾರೆ. ಅವರಿಗೆ ಬಾಯಿಪಾಠ. "ಹೋದ ವಾರ ಬೆಲ್ಟಿಗೆ ಬರೆದದ್ದು ಬೇರೆ ಇತ್ತಲ್ಲೇ" ಅಂತ ಹಿಡಿಯುತ್ತಾರೆ. ಯಾವ ಆಡಿಟರ್ ಬೇಕು ಹೇಳಿ.

ನಿಮ್ಮ ಸಮಿತಿಯಲ್ಲಿ ಹೆಂಗಸರು ಎಷ್ಟು ಜನ? ಬೆಳಿಗ್ಗೆ ಹಾಲಿನ ಕ್ಯಾನ್ ಹೊತ್ತು ಆ ಸಂಕದ ಮೇಲೆ ಹೋಗುವವರು ಅವರೇ ಇರಬೇಕು. ಬರೆದದ್ದರಲ್ಲಿ "ಹುಡುಗರು" ಅಂತಲೇ ಕಂಡಿತು, ಅದಕ್ಕೆ ಕೇಳಿದೆ.

ಹಳ್ಳದಂಚು
ಅಕ್ಕ, ನಾನು ಬರೆದದ್ದು "ಊರಲ್ಲಿರುವವರು" ಅಂತ 🙂 ಆದರೆ ಇಲ್ಲಿಯವರೆಗೆ ಮಾತಿಗೆ ಕೂತವರು ಗಂಡಸರೇ, ನಿಜ. ಡೈರಿಗೆ ಹಾಲು ಹಾಕುವ ಇಬ್ಬರನ್ನು ಕರೆಯುತ್ತೇವೆ.

ಮೇಲಿನಕೇರಿ
ದೇವಸ್ಥಾನದ ಸಮಿತಿ ಇಲ್ವಾ ನಿಮ್ಮೂರಲ್ಲಿ? ಖಾತೆ ಇದೆ, ರಸೀದಿ ಪುಸ್ತಕ ಇದೆ, ಜನಕ್ಕೆ ಭಯ ಭಕ್ತಿಯೂ ಇದೆ. ದೇವರ ದುಡ್ಡು ಅಂದರೆ ಯಾರೂ ಮುಟ್ಟುವುದಿಲ್ಲ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಎಷ್ಟು ದೊಡ್ಡದಾಗಿ ನಡೆಯುತ್ತದೆ ನೋಡಿ.

ಕೂಲಿಮಠ
ದೇವಸ್ಥಾನದ ಸಮಿತಿಯಲ್ಲಿ ಎಲ್ಲ ಕೇರಿಯವರೂ ಇದ್ದಾರಾ ಅಂತ ಮೊದಲು ಕೇಳಿ. ಎಷ್ಟೋ ಊರಲ್ಲಿ ಇಲ್ಲ. ವಂತಿಗೆ ಎತ್ತುವಾಗ ಎಲ್ಲರ ಮನೆಗೂ ಬರುತ್ತಾರೆ, ಲೆಕ್ಕ ಹೇಳುವಾಗ ಜಗಲಿ ಮೇಲೆ ಕೂರುವವರು ಬೇರೆ. ಸಂಕದ ಮೇಲೆ ಎಲ್ಲರೂ ನಡೆಯುತ್ತಾರೆ. ಸಮಿತಿಯೂ ಹಾಗೇ ಇರಬೇಕು.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಮನೆಗೆ ಹತ್ತು ಸಾವಿರ ಅಂತ ಸಮ ಹಾಕಿದರೆ ತೋಟ ಇಲ್ಲದವರು ಏನು ಮಾಡಬೇಕು? ನಮ್ಮ ಕಡೆ ಹೀಗೆ ಆದಾಗ "ನಿಮಗೆ ದುಡ್ಡು ಬೇಡ, ಶ್ರಮದಾನ ಮಾಡಿ" ಅಂದರು. ಕೇಳಲು ಚೆನ್ನಾಗಿದೆ. ಆದರೆ ಶ್ರಮದಾನಕ್ಕೆ ಬಂದವನು ಆವತ್ತಿನ ಕೂಲಿ ಬಿಟ್ಟು ಬಂದಿರುತ್ತಾನೆ. ಕೊಯ್ಲಿನ ಸಮಯದಲ್ಲಿ ಒಂದು ದಿನ ಬಿಟ್ಟರೆ ಎಷ್ಟು ಹೋಯಿತು ಅಂತ ತೋಟದವರಿಗೆ ಚೆನ್ನಾಗಿ ಗೊತ್ತು, ಕೊಡುವವರು ಅವರೇ. ಕಲ್ಲು ಹೊತ್ತು, ಮರಳು ಹೊತ್ತು, ಏಳೆಂಟು ದಿನ ದುಡಿದವನ ಲೆಕ್ಕ ಹಾಕಿ ನೋಡಿ. ಹತ್ತು ಎಕರೆಯವರು ಕೊಟ್ಟದ್ದಕ್ಕೆ ಹತ್ತಿರ ಹತ್ತಿರ ಬರುತ್ತದೆ. ಆದರೂ ಬೋರ್ಡಿನಲ್ಲಿ ಅವರ ಹೆಸರು "10,000" ಅಂತ ಬಂತು. ಇವನದ್ದು "ಹಾಗೂ ಶ್ರಮದಾನ ಮಾಡಿದ ಎಲ್ಲರಿಗೂ ಧನ್ಯವಾದ" ಅನ್ನುವ ಕೊನೆ ಸಾಲಿನಲ್ಲಿ.

ಹಾಗಾಗಿ ಪ್ರತಿ ಆಳಿನ ದಿನಕ್ಕೂ ಊರಲ್ಲಿ ನಡೆಯುವ ಕೂಲಿ ದರ ಹಾಕಿ, ದುಡ್ಡಿನ ಪುಸ್ತಕದಲ್ಲಿಯೇ ಬರೆಯಿರಿ. ಬೇರೆ ಪುಸ್ತಕ ಬೇಡ.

ಕೊನೆಗೌಡ
ಇದು ಸರಿಯಾದ ಮಾತು. ಹೊಡೆದು ಹೇಳಿದಿರಿ.

ಮೇಲಿನಕೇರಿ
ನಮ್ಮೂರ ಸಮಿತಿಯಲ್ಲಿ ಎಲ್ಲರೂ ಇದ್ದಾರೆ. ಎಲ್ಲ ಊರನ್ನೂ ಒಂದೇ ತರ ನೋಡಬೇಡಿ.

ಕೂಲಿಮಠ
ನಿಮ್ಮೂರಿನ ಬಗ್ಗೆ ಹೇಳಿಲ್ಲ ಸರ್. ಇದ್ದರೆ ಸಂತೋಷ.

ಬೋರ್ಡೊ
ಬೋರ್ಡಿನಲ್ಲಿ ಮೊತ್ತ ಹಾಕಲೇಬೇಡಿ. ಅಕ್ಷರಮಾಲೆ ಪ್ರಕಾರ ಮನೆಹೆಸರು ಹಾಕಿ. ಮೊತ್ತ ಪುಸ್ತಕದಲ್ಲಿರಲಿ, ಬೇಕಾದವರು ನೋಡಲಿ.

ತುಂಗೆ ದಂಡೆ
ಮೊತ್ತ ಹಾಕದಿದ್ದರೆ ಅರ್ಧ ಜನ ಕೊಡುವುದೇ ಇಲ್ಲ ಮಾರಾಯ. ಮನುಷ್ಯ ಸ್ವಭಾವ ಗೊತ್ತಿಲ್ವಾ.

ಬೋರ್ಡೊ
ಹಾಗೆ ಕೊಡದವರು ಆಮೇಲೆ ಸಂಕದ ಮೇಲೆ ನಡೆಯುವಾಗ ನಾಚಿಕೊಳ್ಳಲಿ ಬಿಡಿ.

ಹಲಸಿನ ಹಪ್ಪಳ
ನಾನೊಂದು ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ. ನಾವು ಯಾಕೆ ಕಟ್ಟಬೇಕು? ತೆರಿಗೆ ಕಟ್ಟುತ್ತೇವೆ. ಸೋಪಿನ ಮೇಲೂ ಜಿಎಸ್‌ಟಿ ಕೊಡುತ್ತೇವೆ. ಮಕ್ಕಳು ಶಾಲೆಗೆ ಹೋಗುವ ದಾರಿ ಸರ್ಕಾರದ ಕೆಲಸ. ನಾವೇ ಒಂದು ಸಲ ಕಟ್ಟಿಕೊಂಡರೆ ಮುಂದಿನ ಊರಿನವರು ಅರ್ಜಿ ಕೊಟ್ಟಾಗ "ಅವರು ಮಾಡಿಕೊಂಡರಲ್ಲ, ನೀವೂ ಮಾಡಿಕೊಳ್ಳಿ" ಅನ್ನುತ್ತಾರೆ. 2022ರಲ್ಲಿ ಸರ್ಕಾರಿ ಶಾಲೆಗಳಿಗೆ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ತಗೊಳ್ಳಬಹುದು ಅಂತ ಸುತ್ತೋಲೆ ಬಂದಿತ್ತು, ನೆನಪಿದೆಯಾ? ಜನ ಗಲಾಟೆ ಮಾಡಿದ ಮೇಲೆ ವಾಪಸ್ ತಗೊಂಡರು. ಗಲಾಟೆ ಮಾಡದಿದ್ದರೆ ಇವತ್ತಿಗೆ ಅದು ಫೀಸೇ ಆಗಿರುತ್ತಿತ್ತು.

ಸೊಪ್ಪಿನಬೆಟ್ಟ
ನಿಮ್ಮ ಮಾತಲ್ಲಿ ಹುರುಳಿದೆ. ಆದರೆ ನೂರು ರೂಪಾಯಿಯದ್ದು ಮೇಲಿಂದ ಬಂದದ್ದು. ಇದು ಊರಿನವರೇ ಕೂತು ತೀರ್ಮಾನ ಮಾಡುವುದು. ಎರಡೂ ಒಂದೇ ಅಲ್ಲ.

ಹಲಸಿನ ಹಪ್ಪಳ
ಊರಿನವರು ಬೇರೆ ದಾರಿ ಇಲ್ಲದೆ ಕೂತಿದ್ದಾರೆ. ಅದನ್ನು ತೀರ್ಮಾನ ಅಂತ ಹೇಗೆ ಕರೆಯುತ್ತೀರಿ?

ಕೊನೆಗೌಡ
ಎರಡೂ ಮಾಡಿ. ಶಾಲಾ ಸಂಪರ್ಕ ಸೇತು ಅಂತ ಲೋಕೋಪಯೋಗಿ ಇಲಾಖೆಯಿಂದ ಕಾಲುಸಂಕ ಕೊಟ್ಟ ಯೋಜನೆಯೇ ಇತ್ತು. ಅರ್ಜಿಯ ಬೆನ್ನು ಬಿಡಬೇಡಿ. ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ನಕಲು ತಗೊಳ್ಳಿ. ಊರು ಇಷ್ಟು ದುಡ್ಡು ಹಾಕಿದೆ ಅಂತ ದಾಖಲೆ ಇದ್ದರೆ ಕಟ್ಟೆ ಕೆಲಸಕ್ಕಾದರೂ ಪಂಚಾಯಿತಿ ಅನುದಾನ ಕೇಳಬಹುದು.

ದರಖಾಸ್ತು
ಜಾಗ ಯಾರದ್ದು ಅಂತ ಯಾರೂ ಕೇಳಲಿಲ್ಲವಲ್ಲ! ಹೊಸನಗರ ಅಂದರೆ ಹಳ್ಳದ ಒಂದು ಬದಿಯಾದರೂ ಅರಣ್ಯ ಇರುತ್ತದೆ. ಕಟ್ಟೆಗೆ ಗುಂಡಿ ತೋಡಿದ ದಿನವೇ ಗಾರ್ಡ್ ಬರುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಲಂ 3(2) ಅಂತ ಇದೆ. ಶಾಲೆ, ರಸ್ತೆ, ಕುಡಿಯುವ ನೀರು ಮುಂತಾದ 13 ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಗ್ರಾಮಸಭೆ ಶಿಫಾರಸು ಬೇಕು. ಹೆಕ್ಟೇರಿಗೆ 75 ಮರ ಮೀರಿ ಕಡಿಯುವ ಹಾಗಿಲ್ಲ. ನಿಮ್ಮದಕ್ಕೆ ಒಂದು ಮರವೂ ಹೋಗಲಿಕ್ಕಿಲ್ಲ.

ಲೆಕ್ಕದ ಮೇಷ್ಟ್ರು
ಒಂದು ತಿದ್ದುಪಡಿ. ಆ ಕಲಂನಲ್ಲಿ "ಸರ್ಕಾರ ನಿರ್ವಹಿಸುವ" ಸೌಲಭ್ಯ ಅಂತ ಇದೆ. ಖಾಸಗಿ ಸಂಘ ಕಟ್ಟುತ್ತದೆ ಅಂದರೆ ಅದರಡಿ ಬರುವುದಿಲ್ಲ. ಅರಣ್ಯ ಜಾಗ ಆಗಿದ್ದರೆ ಕೆಲಸ ಪಂಚಾಯಿತಿ ಹೆಸರಲ್ಲೇ ಆಗಬೇಕು, ಊರಿನ ದುಡ್ಡು ವಂತಿಗೆಯಾಗಿ ಸೇರಬೇಕು. ಸರ್ವೆ ನಂಬರ್ ಪಹಣಿ ತೆಗೆಸಿ ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಹಳ್ಳದಂಚು
ಒಂದು ಬದಿ ಖಾಸಗಿ ತೋಟ. ಇನ್ನೊಂದು ಬದಿ ಕಂದಾಯ ಜಾಗ ಅಂತಲೇ ಎಲ್ಲರೂ ಹೇಳುತ್ತಾರೆ. ಪಹಣಿ ತೆಗೆಸುತ್ತೇನೆ. ಮೇಷ್ಟ್ರೇ, ಪಂಚಾಯಿತಿ ಖಾತೆಗೆ ದುಡ್ಡು ಹಾಕಿ ಅಂದರೆ ನಮ್ಮೂರಲ್ಲಿ ಒಬ್ಬರೂ ಹಾಕುವುದಿಲ್ಲ, ಅದು ಗ್ಯಾರಂಟಿ.

ಬಸ್ಸಿಗೆ ಕಾಯುವವ
ಅದಕ್ಕೇ ಹೇಳಿದ್ದು, ದುಬೈ ದುಡ್ಡೇ ವಾಸಿ.

ರಾಶಿ ಇಡಿ
ಶರಾವತಿ ಹಿನ್ನೀರಿಗೆ ಸಿಗಂದೂರು ಸೇತುವೆ ಆದದ್ದು ನೋಡಿ. ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದ. 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ಅಷ್ಟು ದೊಡ್ಡದನ್ನು ಮಾಡುವವರಿಗೆ ನಲವತ್ತು ಅಡಿ ಸಂಕ ಏನು ಲೆಕ್ಕ?

ಹಲಸಿನ ಹಪ್ಪಳ
1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಆ ಹಿನ್ನೀರು ದಾರಿ ಮುಳುಗಿಸಿತು. ಸೇತುವೆ ಬಂದದ್ದು 2025ರಲ್ಲಿ. ಅಷ್ಟು ವರ್ಷ ಲಾಂಚಿಗೆ ಕಾದ ಜನರನ್ನು ಕೇಳಿ, ಏನು ಲೆಕ್ಕ ಅಂತ ಹೇಳುತ್ತಾರೆ.

ರಾಶಿ ಇಡಿ
ಲಾಂಚಿನ ಮಜಾನೇ ಬೇರೆ ಇತ್ತು ಬಿಡಿ. ಈಗ ಲಾಂಚ್ ನಿಲ್ಲುತ್ತಿದ್ದ ಹೊಳೆಬಾಗಿಲಿನ ಅಂಗಡಿಯವರ ಕಥೆ ಏನು?

ಕೊನೆಗೌಡ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ. ಇಲ್ಲಿ ಸಂಕ.

ಚೀಟಿ ಭಾವ
ಸುಲಭದ ಐಡಿಯಾ ಕೊಡಲಾ? ಊರಲ್ಲಿ ಒಂದು ಚೀಟಿ ಹಾಕಿ. ಇಪ್ಪತ್ತು ಜನ, ತಿಂಗಳಿಗೆ ಎರಡು ಸಾವಿರ. ನಲವತ್ತು ಸಾವಿರದ ಚೀಟಿಯನ್ನು ಒಬ್ಬರು ಮೂವತ್ನಾಲ್ಕಕ್ಕೆ ಕೂಗಿದರು ಅಂದುಕೊಳ್ಳಿ. ಉಳಿದ ಆರು ಸಾವಿರ ಎಲ್ಲರಿಗೂ ಮುನ್ನೂರರ ಹಾಗೆ ಹಂಚಬೇಕು. ಹಂಚಬೇಡಿ, ಸಂಕಕ್ಕೆ ಹಾಕಿ. ಯಾರಿಗೂ ಕೈಯಿಂದ ಹೋದ ಹಾಗೆ ಅನಿಸುವುದಿಲ್ಲ. ಇಪ್ಪತ್ತು ತಿಂಗಳಲ್ಲಿ ಲಕ್ಷ ದಾಟುತ್ತದೆ.

ಅಪ್ಪೆಮಿಡಿ
ಭಾವ, ಕಡಿಮೆಗೆ ಕೂಗುವವರು ಯಾರು ಅಂತ ಯೋಚನೆ ಮಾಡಿದ್ದೀರಾ? ಮನೆಯಲ್ಲಿ ಕಾಯಿಲೆ ಇದ್ದವರು, ಮಗಳ ಮದುವೆ ಎದುರಿಗಿಟ್ಟುಕೊಂಡವರು. ಆ ಆರು ಸಾವಿರ ಅವರ ಕಷ್ಟದ ದುಡ್ಡು. ಅಂದರೆ ಊರಿಗೆಲ್ಲ ಸಂಕ, ದುಡ್ಡು ಮಾತ್ರ ತೀರಾ ತೊಂದರೆಯಲ್ಲಿರುವವರದ್ದು. ನನಗೆ ಸರಿ ಕಾಣಲಿಲ್ಲ.

ಲೆಕ್ಕದ ಮೇಷ್ಟ್ರು
ಜೊತೆಗೆ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಅನುಮತಿ, ನೋಂದಣಿ ಇಲ್ಲದೆ ಚೀಟಿ ನಡೆಸುವುದೇ ತಪ್ಪು. ಊರಲ್ಲೆಲ್ಲ ನಡೆಯುತ್ತದೆ, ಗೊತ್ತು. ಹಾಗಂತ ಸಾರ್ವಜನಿಕ ಕೆಲಸವನ್ನು ಅದರ ಮೇಲೆ ಕೂರಿಸಬೇಡಿ. ಚೀಟಿ ಮುಳುಗಿದ ದಿನ ಸಂಕವೂ ಮುಳುಗುತ್ತದೆ.

ಚೀಟಿ ಭಾವ
ಹಾಗಾದರೆ ನನ್ನ ಹೆಸರು ಬದಲಾಯಿಸಿಕೊಳ್ಳಬೇಕು 😅

ಪರದೆ ಹಿಂದೆ
ಸಿನಿಮಾದವರು ಇದನ್ನು ಯಾವತ್ತೋ ಮಾಡಿ ತೋರಿಸಿದ್ದಾರೆ. 2013ರಲ್ಲಿ ಬಂದ ಲೂಸಿಯಾ ಜನರ ದುಡ್ಡಿನಲ್ಲೇ ಆದದ್ದು, ಐವತ್ತು ಲಕ್ಷದ ಆಸುಪಾಸು. ಅದಕ್ಕೂ ಮುಂಚೆ 1976ರಲ್ಲಿ ಶ್ಯಾಮ್ ಬೆನಗಲ್ ಅವರ ಮಂಥನ್‌ಗೆ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟಿದ್ದರು. ಹಾಲು ಹಾಕುವ ಡೈರಿಯ ಮೂಲಕವೇ. ಸಿನಿಮಾ ಬಂದಾಗ ಲಾರಿ ಲಾರಿಯಲ್ಲಿ ಹೋಗಿ ನೋಡಿದರಂತೆ, ನಮ್ಮ ಸಿನಿಮಾ ಅಂತ. ನಿಮ್ಮೂರಿನ ಡೈರಿಯಲ್ಲೂ ಹಾಲಿನ ಬಿಲ್ಲಿನಲ್ಲಿ ಹೀಗೆ ಹಿಡಿಯಬಹುದಲ್ವಾ? ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಇಷ್ಟು ಪೈಸೆ ಅಂತ.

ಕೂಲಿಮಠ
ಹಾಲಿನ ಬಿಲ್ಲಿಗೆ ಕೈ ಹಾಕಬೇಡಿ. ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೈಗೆ ಬರುವ ದುಡ್ಡು ಅದೊಂದೇ.

ಅಪ್ಪೆಮಿಡಿ
👆 ಇದಕ್ಕೆ ಹತ್ತು ಮಾರ್ಕು.

ಸೊಪ್ಪಿನಬೆಟ್ಟ
ಸಿನಿಮಾಕ್ಕಿಂತ ಹತ್ತಿರದ ಉದಾಹರಣೆ ನಮ್ಮಲ್ಲೇ ಇವೆ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ರೈತರ ಸಹಕಾರ ಸಂಘ ಆಯಿತು. ಅಡಿಕೆ ಮಾರಾಟದ ಸಹಕಾರ ಸಂಘಗಳಲ್ಲಿ ಶಿರಸಿಯ ಟಿಎಸ್ಎಸ್ 1923, ನಮ್ಮ ಮ್ಯಾಮ್ಕೋಸ್ 1939. ಅಡಿಕೆ ಬೆಳೆಗಾರರು ಶೇರು ಹಾಕಿ ಕಟ್ಟಿಕೊಂಡವು. ಇವತ್ತಿಗೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಅಜ್ಜಂದಿರಿದ್ದಾರೆ.

ರಾಶಿ ಇಡಿ
ಅಜ್ಜಂದಿರು ಸಭೆಗೆ ಬರುವುದು ಊಟಕ್ಕೆ. ಮತ್ತೆ ಇವತ್ತು ರಾಶಿ ಅಡಿಕೆ ರೇಟು ಎಷ್ಟು? ಯಾರಾದರೂ ಹೇಳಿ.

ಬೋರ್ಡೊ
ಎಲೆಚುಕ್ಕಿ ರೋಗ ಬಂದು ತೋಟವೇ ಹಳದಿ ಆಗಿದೆ. ರೇಟು ಕೇಳಿ ಏನು ಮಾಡುತ್ತೀರಿ.

ಸಾಗರದಾಚೆ
ನಾನು ಅಮೆರಿಕದಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಇಂಥ ಕೆಲಸಕ್ಕೆ ಇಲ್ಲಿಂದ ಕಳಿಸಬಹುದಾ? ನಮ್ಮೂರಿಗೂ ಕೇಳುತ್ತಿದ್ದಾರೆ.

ಲೆಕ್ಕದ ಮೇಷ್ಟ್ರು
ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ನಿಮ್ಮ ದುಡಿಮೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರರಾಗಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಆಗ ಊರ ಸಂಘಕ್ಕೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಸಂಕದ ಸಂಘಕ್ಕೆ ಅದು ಆಗುವ ಮಾತಲ್ಲ.

ಸಾಗರದಾಚೆ
ಧನ್ಯವಾದ ಸರ್. ಪಾಸ್‌ಪೋರ್ಟ್ ನಮ್ಮದೇ ಇದೆ.

ಕಬ್ಬಿಣ ಕೆಲಸ
ದುಡ್ಡಿನ ಮಾತು ಸಾಕಷ್ಟು ಆಯಿತು. ಕೆಲಸದ್ದು ಕೇಳಿ. ವೆಲ್ಡಿಂಗ್ ಅಂಗಡಿಯವರು ಒಳ್ಳೆಯವರಿರಬಹುದು, ಆದರೆ ಸಂಕ ಬೀಳುವುದು ವೆಲ್ಡಿಂಗ್ ಬಿಟ್ಟು ಅಂತ ಮಾತ್ರ ಅಂದುಕೊಳ್ಳಬೇಡಿ. ಹೆಚ್ಚಾಗಿ ಬುಡದ ಕಟ್ಟೆ ಕೊರೆದು ಬೀಳುತ್ತದೆ. ನೆರೆ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಹಿರಿಯರನ್ನು ಕೇಳಿ, ಮರದ ಮೇಲೆ ಗುರುತು ಹಾಕಿಸಿ. ಸಂಕ ಅದಕ್ಕಿಂತ ಮೇಲೆ ಬರಬೇಕು. ತೇಲಿ ಬರುವ ಮರದ ದಿಮ್ಮಿ ಸಿಕ್ಕಿಹಾಕಿಕೊಂಡರೆ ನೀರಿನ ಒತ್ತಡ ಪೂರ್ತಿ ಸಂಕದ ಮೇಲೆ ಬೀಳುತ್ತದೆ. ಮಧ್ಯೆ ಕಂಬ ಹಾಕದೆ ಆಗುತ್ತದಾ ನೋಡಿ.

ಹಳ್ಳ ಅಗಲ ಇದ್ದರೆ ತೂಗುಸೇತುವೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಹೆಸರು ಕೇಳಿರುತ್ತೀರಿ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲನೆಯದು ಹಾಕಿದರು. ಆಮೇಲೆ ನೂರಕ್ಕೂ ಜಾಸ್ತಿ ಸೇತುವೆ ಆಯಿತು. 2017ರಲ್ಲಿ ಪದ್ಮಶ್ರೀ ಬಂತು. ನಿಮ್ಮದು ಅಷ್ಟು ಅಗಲ ಇಲ್ಲ ಅನಿಸುತ್ತದೆ. ಆದರೂ ಕೆಲಸ ಗೊತ್ತಿರುವ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ನಕ್ಷೆಗೆ ಫೀಸು ಕೊಟ್ಟರೂ ನಷ್ಟವಿಲ್ಲ. ಆ ಫೀಸನ್ನೂ ಅಂದಾಜಿಗೆ ಸೇರಿಸಿ.

ಮಳೆನಾಡಿಗ
ಬೈನೆ ಮರ ಹಾಕಿ ನೋಡಿದ್ದೀರಾ? ಅಡಿಕೆ ಮರಕ್ಕಿಂತ ಗಟ್ಟಿ.

ಕಬ್ಬಿಣ ಕೆಲಸ
ಗಟ್ಟಿ ಹೌದು. ಪಾಚಿ ಕಟ್ಟಿದರೆ ಎರಡೂ ಒಂದೇ, ಜಾರುವುದರಲ್ಲಿ.

ಹಳ್ಳದಂಚು
ಇಷ್ಟು ಜನ ಬರೆಯುತ್ತೀರಿ ಅಂತ ಗೊತ್ತಿರಲಿಲ್ಲ. ಭಾನುವಾರ ಶಾಲೆ ಜಗಲಿಯಲ್ಲಿ ಕೂತೆವು. ಹಾಲು ಹಾಕುವವರು, ಕೂಲಿಗೆ ಹೋಗುವವರು, ಎಲ್ಲ ಕೇರಿಯವರೂ ಬಂದಿದ್ದರು. ಗಲಾಟೆಯೂ ಆಯಿತು. ಪಹಣಿಯಲ್ಲಿ ಆಚೆ ಬದಿ ಕಂದಾಯ ಜಾಗವೇ ಅಂತ ಇದೆ, ಆದರೂ ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ಕೇಳಿದ್ದೇವೆ. ಹಳೆ ವಿದ್ಯಾರ್ಥಿಗಳ ಸಂಘದ ಖಾತೆ ಬಳಸುವುದು ಅಂತಾಯಿತು. ಕೂಲಿ ದಿನವನ್ನು ದುಡ್ಡಿನ ಪುಸ್ತಕದಲ್ಲೇ ಬರೆಯುವುದಕ್ಕೆ ಇಬ್ಬರು ತೋಟದವರು ಮುಖ ಗಂಟಿಕ್ಕಿದರು, ಕೊನೆಗೆ ಒಪ್ಪಿದರು. ಬೋರ್ಡಿನ ವಿಷಯ ಇನ್ನೂ ಮುಗಿದಿಲ್ಲ.

ಪೂರ್ತಿ ಕೊಡುತ್ತೇನೆ ಅಂದವರಿಗೆ ಫೋನ್ ಮಾಡಿ ಎಲ್ಲರಂತೆ ಒಂದು ಪಾಲು ಕೊಡಿ, ಕಡಿಮೆ ಬಿದ್ದರೆ ಕೇಳುತ್ತೇವೆ ಅಂದೆವು. ಸ್ವಲ್ಪ ಬೇಜಾರಾದರು. ಒಂದೆರಡು ದಿನ ಬಿಟ್ಟು ಅವರೇ ಫೋನ್ ಮಾಡಿ ನಕ್ಷೆಯ ಫೀಸು ನನ್ನದು ಇರಲಿ ಅಂದರು.

ಈಗ ಉಳಿದ ಪ್ರಶ್ನೆ: ಅರ್ಧ ದುಡ್ಡು ಬಂದು ನಿಂತುಬಿಟ್ಟರೆ ಏನು ಮಾಡುವುದು? ಮಳೆಗಾಲದಲ್ಲಿ ಯಾರ ಕೈಯಲ್ಲೂ ಕಾಸಿಲ್ಲ.

ಕೊನೆಗೌಡ
ಈಗ ಬರೀ ಬರೆಸಿಕೊಳ್ಳಿ, ಎತ್ತಬೇಡಿ. ಯಾರ ಮನೆ ಎಷ್ಟು ಅಂತ ಪುಸ್ತಕದಲ್ಲಿ ಸಹಿ. ಅಡಿಕೆ ಕೊಯ್ದು, ಒಣಗಿಸಿ, ಮಾರಿದ ಮೇಲೆ ಜನವರಿ ಫೆಬ್ರವರಿಯಲ್ಲಿ ಎತ್ತಿ. ಹಳ್ಳ ಒಣಗಿರುವುದೂ ಆಗಲೇ. ಮಾರ್ಚ್‌ನಲ್ಲಿ ಕಟ್ಟೆ, ಏಪ್ರಿಲ್‌ನಲ್ಲಿ ಕಬ್ಬಿಣ.

ಬೆಂಗಳೂರು ಬ್ಲೂಸ್
ಕಿಕ್‌ಸ್ಟಾರ್ಟರ್ ಅನ್ನುವ ದುಡ್ಡು ಎತ್ತುವ ತಾಣ 2009ರಿಂದ ಇದೇ ನಿಯಮ ಇಟ್ಟುಕೊಂಡಿದೆ. ಗುರಿ ಮುಟ್ಟಿದರೆ ಮಾತ್ರ ದುಡ್ಡು ಕಡಿತ, ಇಲ್ಲದಿದ್ದರೆ ಯಾರದ್ದೂ ಇಲ್ಲ. ನೀವು ಹಾಗೇ ಮಾಡಿ. ಬರೆಸಿದ್ದು ಅಂದಾಜಿನಷ್ಟು ಆಗುವವರೆಗೆ ಒಂದು ರೂಪಾಯಿಯೂ ಎತ್ತಬೇಡಿ. ಜನಕ್ಕೂ ಧೈರ್ಯ ಇರುತ್ತದೆ, ಅರ್ಧಕ್ಕೆ ನಿಂತು ದುಡ್ಡು ಕೊಳೆಯುವುದಿಲ್ಲ ಅಂತ. ನನ್ನದೂ ಒಂದು ಪಾಲು ಬರೆದುಕೊಳ್ಳಿ. ವಿಡಿಯೊ ಮಾತು ಬಿಟ್ಟುಬಿಡಿ 🙂

ಕೂಲಿಮಠ
ಉಳಿದರೆ ಏನು ಮಾಡುತ್ತೀರಿ ಅಂತಲೂ ಈಗಲೇ ಬರೆಯಿರಿ. ಕಡಿಮೆ ಬಿದ್ದದ್ದಕ್ಕಿಂತ ಉಳಿದದ್ದಕ್ಕೇ ನಮ್ಮಲ್ಲಿ ಜಾಸ್ತಿ ಜಗಳ ಆದದ್ದು. ಒಬ್ಬರು ಬಿರಿಯಾನಿ ಅಂದರು, ಇನ್ನೊಬ್ಬರು ಕ್ರಿಕೆಟ್ ಕಿಟ್ ಅಂದರು.

ಕಬ್ಬಿಣ ಕೆಲಸ
ಉಳಿದದ್ದು ಬಣ್ಣಕ್ಕೆ. ಮಲೆನಾಡಿನ ಮಳೆಗೆ ಕಬ್ಬಿಣ ಎರಡು ಮೂರು ವರ್ಷಕ್ಕೊಮ್ಮೆ ಕೆರೆದು ರೆಡ್ ಆಕ್ಸೈಡ್ ಹೊಡೆಯಲೇಬೇಕು. ಅದಕ್ಕೆ ಮೊದಲೇ ತೆಗೆದಿಡಿ. ವೆಲ್ಡಿಂಗ್‌ನವರಿಗೆ ಕಂತಿನಲ್ಲಿ ಕೊಡಿ: ಕಬ್ಬಿಣ ಅಂಗಡಿಗೆ ಬಂದಾಗ ಒಂದು, ಜೋಡಿಸಿದಾಗ ಒಂದು, ಒಂದು ಮಳೆಗಾಲ ನೋಡಿ ಕೊನೆಯದ್ದು. ಕಬ್ಬಿಣದ ಬಿಲ್ಲು ಸಂಘದ ಹೆಸರಲ್ಲೇ ಇರಲಿ, ಜಿಎಸ್‌ಟಿ ನಂಬರ್ ಸಮೇತ. ತೂಕದ ಚೀಟಿಯನ್ನೂ ಅದರ ಜೊತೆಗೇ ಪಿನ್ ಮಾಡಿ. ತೂಕದಲ್ಲಿ ಹೆಚ್ಚು ಕಡಿಮೆ ಆಗುವುದು ಅಲ್ಲೇ.

ಹಳ್ಳದಂಚು
ಕೊನೆ ಕಂತು ಒಂದು ಮಳೆಗಾಲ ತಡೆದರೆ ವೆಲ್ಡಿಂಗ್‌ನವರು ಒಪ್ಪುತ್ತಾರಾ?

ಕಬ್ಬಿಣ ಕೆಲಸ
ಹತ್ತು ಪರ್ಸೆಂಟ್ ತಡೆದರೆ ಒಪ್ಪುತ್ತಾರೆ. ಜಾಸ್ತಿ ಕೇಳಬೇಡಿ. ಬರವಣಿಗೆಯಲ್ಲಿ ಮಾಡಿಕೊಳ್ಳಿ.